ಕಿಡ್ನಿ ಕೆಡುವಾಗ ನೋವಾಗುವುದಿಲ್ಲ

ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಗಾಢ ಹಳದಿಯಾಗಿರುತ್ತದೆ. ಎರಡು ಲೋಟ ನೀರು, ಒಂದು ಲೋಟ ಚಹಾ ಹೊಟ್ಟೆಗೆ ಇಳಿದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಹೋದರೆ ಅದು ತಿಳಿಯಾಗಿರುತ್ತದೆ. ರಮಝಾನ್ ತಿಂಗಳಲ್ಲಿ ಅಸರ್ ನಮಾಝಿನ ಹೊತ್ತಿಗೆ ಪುನಃ ಗಾಢ. ಈ ಬದಲಾವಣೆಯನ್ನು ನಾವೆಲ್ಲ ನೋಡಿದ್ದೇವೆ, ಆದರೆ ಏಕೆ ಹೀಗೆ ಎಂದು ಯೋಚಿಸಿದವರು ಕಡಿಮೆ. ಮೂತ್ರಕ್ಕೆ ಹಳದಿ ಬಣ್ಣ ಕೊಡುವುದು, ಹಳೆಯದಾಗಿ ಒಡೆದುಹೋದ ಕೆಂಪು ರಕ್ತಕಣಗಳಿಂದ ಹುಟ್ಟುವ ಒಂದು ವಸ್ತು. ಅದು ದಿನವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಹೊರಹೋಗುತ್ತದೆ. ಬದಲಾಗುವುದು ಅದರ ಜೊತೆಗೆ ಹೋಗುವ ನೀರು. ದೇಹದಲ್ಲಿ ನೀರು ಸಾಕಷ್ಟಿದ್ದರೆ ಕಿಡ್ನಿ ಅದನ್ನು ಧಾರಾಳವಾಗಿ ಬಿಡುತ್ತದೆ, ಕಡಿಮೆಯಾದರೆ ಹನಿ ಹನಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಆ ಬಣ್ಣ, ಒಳಗೆ ನಡೆಯುತ್ತಿರುವ ಲೆಕ್ಕಾಚಾರದ ಹೊರಗಿನ ಗುರುತು.

ಕಿಡ್ನಿ ಎಂದರೆ ಕೊಳೆ ತೆಗೆಯುವ ಜರಡಿ ಎಂದಷ್ಟೇ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದ ಅರ್ಧವನ್ನು ತಿಳಿದುಕೊಂಡರೆ ಸಕ್ಕರೆ ಕಾಯಿಲೆಯವರು ಏಕೆ ಮೂತ್ರ ಪರೀಕ್ಷೆ ಮಾಡಿಸಬೇಕು, ನೋವಿನ ಮಾತ್ರೆಗೆ ಏಕೆ ಹೆದರಬೇಕು, ಯಾರು ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳಬೇಕು ಎಂಬುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಎಲ್ಲಿವೆ, ಹೇಗಿವೆ?

ಸೊಂಟ ಹಿಡಿದುಕೊಂಡರೆ ಸಾಕು, "ಕಿಡ್ನಿ ಇರಬೇಕು" ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಕಿಡ್ನಿಗಳು ಇರುವುದು ಸೊಂಟದಲ್ಲಿ ಅಲ್ಲ, ಅದಕ್ಕಿಂತ ಮೇಲೆ. ಬೆನ್ನೆಲುಬಿನ ಎರಡು ಪಕ್ಕದಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಹೊಟ್ಟೆಯ ಹಿಂಗೋಡೆಗೆ ತಾಗಿಕೊಂಡಿವೆ. ಬಲಗಡೆ ಮೇಲೆ ಪಿತ್ತಜನಕಾಂಗ ಕುಳಿತಿರುವುದರಿಂದ ಬಲ ಕಿಡ್ನಿ ಎಡದ್ದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಒಂದೊಂದೂ 10ರಿಂದ 12 ಸೆಂಟಿಮೀಟರ್ ಉದ್ದ, ಸುಮಾರು 150 ಗ್ರಾಂ ತೂಕ. ಎರಡನ್ನೂ ಸೇರಿಸಿದರೆ ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲು ಆಗಬಹುದು. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ, ಇವಕ್ಕೆ ಹೋಗುತ್ತದೆ. ಇಷ್ಟು ಸಣ್ಣ ಅಂಗಕ್ಕೆ ಇಷ್ಟು ರಕ್ತ ಏಕೆ? ತನ್ನ ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲ, ಸೋಸಲು.

ಸೊಂಟ ನೋವಿಗೆ ಹೆಚ್ಚಾಗಿ ಕಾರಣ ಸ್ನಾಯು, ಕೀಲು, ಬೆನ್ನಿನ ಡಿಸ್ಕ್. ಕಲ್ಲು ಸಿಕ್ಕಿಕೊಂಡಾಗ ಅಥವಾ ಸೋಂಕು ಏರಿದಾಗ ಕಿಡ್ನಿಯೂ ನೋಯುತ್ತದೆ, ನಿಜ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ವರ್ಷಗಟ್ಟಲೆ ನಿಧಾನವಾಗಿ ಹಾಳಾಗುವ ಕಿಡ್ನಿ ಒಂದು ದಿನವೂ ನೋಯುವುದಿಲ್ಲ. ನೋವಿಲ್ಲ ಎಂದು ನೆಮ್ಮದಿಯಿಂದಿದ್ದವರು ಒಮ್ಮೆಲೇ ಡಯಾಲಿಸಿಸ್ ವಾರ್ಡಿಗೆ ಬಂದು ಸೇರುವುದು ಹೀಗೆ.

ಕಪಾಟು ಖಾಲಿ ಮಾಡುವ ವಿಧಾನ

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಎಂದರೆ ಒಂದು ಸೋಸುವ ಉಂಡೆ ಮತ್ತು ಅದಕ್ಕೆ ಅಂಟಿದ ಒಂದು ಉದ್ದನೆಯ ಕೊಳವೆ. ಉಂಡೆಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳು ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತವೆ. ರಕ್ತ ಒತ್ತಡದಿಂದ ಅದರೊಳಗೆ ಹರಿಯುವಾಗ ನೀರು, ಉಪ್ಪು, ಸಕ್ಕರೆ, ಯೂರಿಯಾ ಮುಂತಾದ ಸಣ್ಣ ವಸ್ತುಗಳೆಲ್ಲ ಗೋಡೆಯಿಂದ ಹೊರಗೆ ಸೋರುತ್ತವೆ. ರಕ್ತಕಣಗಳು ಮತ್ತು ಪ್ರೋಟೀನ್‌ನಂತಹ ದೊಡ್ಡ ವಸ್ತುಗಳು ಒಳಗೇ ಉಳಿಯುತ್ತವೆ. ಹೀಗೆ ಎರಡು ಕಿಡ್ನಿಗಳೂ ಸೇರಿ ದಿನಕ್ಕೆ ಸೋಸುವುದು ಸುಮಾರು 180 ಲೀಟರ್. ನಾವು ವಿಸರ್ಜಿಸುವ ಮೂತ್ರ ಒಂದರಿಂದ ಎರಡು ಲೀಟರ್ ಮಾತ್ರ. ಉಳಿದದ್ದು ಎಲ್ಲಿಗೆ ಹೋಯಿತು?

ವಾಪಸ್ ರಕ್ತಕ್ಕೆ. ಪೆರ್ನಾಲ್ ಬರುವ ಮೊದಲು ಮನೆ ಶುಚಿ ಮಾಡುವಾಗ ಗೃಹಿಣಿಯರು ಕಪಾಟಿನಲ್ಲಿ ಕೈ ಹಾಕಿ ಬೇಡವಾದದ್ದನ್ನು ಹುಡುಕುತ್ತಾ ಕೂರುವುದಿಲ್ಲ. ಎಲ್ಲವನ್ನೂ ಹೊರಗೆ ಹಾಕಿ, ಬೇಕಾದದ್ದನ್ನು ಮಾತ್ರ ಪುನಃ ಜೋಡಿಸಿ, ಮಿಕ್ಕಿದ್ದನ್ನು ಎಸೆಯುತ್ತಾರೆ. ಕಿಡ್ನಿ ಮಾಡುವುದೂ ಇದನ್ನೇ. ಉಂಡೆ ಎಲ್ಲವನ್ನೂ ಹೊರಗೆ ಹಾಕುತ್ತದೆ, ಕೊಳವೆ ಒಂದೊಂದನ್ನೇ ಆರಿಸಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಸಕ್ಕರೆ ಪೂರ್ತಿ ವಾಪಸ್. ಉಪ್ಪು, ನೀರು ನೂರಕ್ಕೆ ತೊಂಬತ್ತೊಂಬತ್ತು ಪಾಲು ವಾಪಸ್. ಯೂರಿಯಾ ಅರ್ಧದಷ್ಟು. ಕ್ರಿಯೇಟಿನಿನ್ ಎಂಬ ಸ್ನಾಯುಗಳ ಕಸವನ್ನು ಮುಟ್ಟುವುದೇ ಇಲ್ಲ, ಅದು ಹಾಗೆಯೇ ಹೊರಗೆ ಹೋಗುತ್ತದೆ. ಈ ವಿಧಾನದಲ್ಲಿ ಒಂದು ದೊಡ್ಡ ಲಾಭವಿದೆ. ಜಗತ್ತಿನಲ್ಲಿ ಯಾವ ಯಾವ ವಿಷಗಳಿವೆ ಎಂದು ಕಿಡ್ನಿಗೆ ಗೊತ್ತಿರಬೇಕಾಗಿಲ್ಲ. ಬೇಕಾದದ್ದರ ಪಟ್ಟಿ ಇದ್ದರೆ ಸಾಕು. ನೂರು ವರ್ಷದ ಹಿಂದೆ ಇಲ್ಲದಿದ್ದ ಔಷಧಿಯೊಂದನ್ನು ನಾವು ಇಂದು ನುಂಗಿದರೂ ಅದು ಹೊರಗೆ ಹೋಗಲು ದಾರಿ ಇರುವುದಕ್ಕೆ ಇದೂ ಒಂದು ಕಾರಣ.

ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕೊಳವೆಯ ಕೈಗೆ ಅಷ್ಟನ್ನೂ ಹಿಡಿಯಲಾಗುವುದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಪದೇ ಪದೇ ಮೂತ್ರ, ಪದೇ ಪದೇ ಬಾಯಾರಿಕೆ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ನೀರು ಹೆಚ್ಚು ಕುಡಿದದ್ದರಿಂದ ಮೂತ್ರ ಹೆಚ್ಚಾದದ್ದಲ್ಲ, ಮೂತ್ರ ಹೆಚ್ಚಾದ್ದರಿಂದ ಬಾಯಾರಿಕೆ.

ಬೆಳಗಿನ ಮೂತ್ರದ ಗಾಢ ಬಣ್ಣಕ್ಕೆ ಬರೋಣ. ನೆಫ್ರಾನ್‌ನ ಕೊಳವೆ ಕಿಡ್ನಿಯ ಒಳಭಾಗಕ್ಕೆ ಇಳಿದು, ಹೇರ್‌ಪಿನ್‌ನಂತೆ ತಿರುಗಿ ಮೇಲಕ್ಕೆ ಬರುತ್ತದೆ. ಈ ಬಾಗುವಿಕೆಯ ಕಾರಣದಿಂದ ಕಿಡ್ನಿಯ ಒಳಭಾಗ ದೇಹದ ಬೇರೆಲ್ಲ ಕಡೆಗಿಂತ ಹೆಚ್ಚು ಉಪ್ಪಾಗಿರುತ್ತದೆ. ಮೂತ್ರ ಕೊನೆಗೆ ಇಳಿದು ಹೋಗುವ ಕೊಳವೆ ಈ ಉಪ್ಪಿನ ಜಾಗದಿಂದಲೇ ಹಾಯಬೇಕು. ದೇಹಕ್ಕೆ ನೀರು ಸಾಲದಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎ.ಡಿ.ಎಚ್. ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಬಂದು ತಟ್ಟಿದ ಕೂಡಲೇ ಕೊಳವೆಯ ಗೋಡೆಯಲ್ಲಿ ನೀರಿನ ಕಿಂಡಿಗಳು ತೆರೆಯುತ್ತವೆ, ಸುತ್ತಲಿನ ಉಪ್ಪು ನೀರನ್ನು ಹೀರಿಕೊಳ್ಳುತ್ತದೆ, ಮೂತ್ರ ಗಾಢವಾಗುತ್ತದೆ. ರಕ್ತಕ್ಕಿಂತ ನಾಲ್ಕು ಪಟ್ಟು ಗಾಢ ಮಾಡುವುದು ಮನುಷ್ಯನ ಕಿಡ್ನಿಯ ಮಿತಿ. ಮರುಭೂಮಿಯ ಕೆಲವು ಇಲಿಗಳ ಕಿಡ್ನಿಯಲ್ಲಿ ಈ ಬಾಗು ಬಹಳ ಉದ್ದ, ಅವು ನಮಗಿಂತ ಎಷ್ಟೋ ಪಟ್ಟು ಗಾಢ ಮೂತ್ರ ಮಾಡಿ, ನೀರೇ ಕುಡಿಯದೆ ಬದುಕುತ್ತವೆ. ನಮ್ಮಿಂದಾಗದು. ಎಷ್ಟೇ ಗಾಢ ಮಾಡಿದರೂ ದಿನದ ಕಸವನ್ನು ಹೊತ್ತೊಯ್ಯಲು ಕನಿಷ್ಠ ಅರ್ಧ ಲೀಟರ್ ಮೂತ್ರ ಆಗಲೇಬೇಕು. ಕಡಲಿನ ನಡುವೆ ಸಿಕ್ಕಿಬಿದ್ದ ಮೀನುಗಾರ ಸುತ್ತಲೂ ನೀರಿದ್ದರೂ ಬಾಯಾರಿ ಸಾಯುವುದು ಕೂಡ ಇದೇ ಲೆಕ್ಕದಿಂದ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟನ್ನು ಹೊರಹಾಕಲು ಕಿಡ್ನಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು.

ಸೋಸುವುದರ ಹೊರತಾಗಿಯೂ ಕಿಡ್ನಿಗೆ ಕೆಲಸಗಳಿವೆ. ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ರಕ್ತದ ಆಮ್ಲವನ್ನೂ ಪೊಟ್ಯಾಸಿಯಂ ಪ್ರಮಾಣವನ್ನೂ ಸರಿಯಾಗಿಡುವುದು, ಮೂಳೆಗೆ ಬೇಕಾದ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು, ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಯ ಮಜ್ಜೆಗೆ ಹಾರ್ಮೋನ್ ಮೂಲಕ ಹೇಳುವುದು. ಕಿಡ್ನಿ ರೋಗಿಗಳು ಬಿಳಿಚಿಕೊಂಡಿರುವುದು, ಮೂಳೆ ನೋವೆನ್ನುವುದು, ಎಷ್ಟು ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರದಿರುವುದು ಇದಕ್ಕೇ.

ಮೂತ್ರಕೋಶ ಮತ್ತು ತಡೆದುಕೊಳ್ಳುವ ಅಭ್ಯಾಸ

ಕಿಡ್ನಿಯಿಂದ ಹೊರಟ ಮೂತ್ರ 25ರಿಂದ 30 ಸೆಂಟಿಮೀಟರ್ ಉದ್ದದ ಎರಡು ಮೂತ್ರನಾಳಗಳ ಮೂಲಕ ಮೂತ್ರಕೋಶಕ್ಕೆ ಬರುತ್ತದೆ. ಅದು ತಾನಾಗಿ ಜಾರಿ ಬೀಳುವುದಲ್ಲ, ನಾಳದ ಗೋಡೆ ಅಲೆ ಅಲೆಯಾಗಿ ಹಿಂಡಿ ದೂಡುತ್ತದೆ. ಆದ್ದರಿಂದಲೇ ನಾವು ಮಲಗಿದ್ದರೂ ಮೂತ್ರ ಕೆಳಕ್ಕೇ ಹೋಗುತ್ತದೆ. ನಾಳಗಳು ಮೂತ್ರಕೋಶದ ಗೋಡೆಯನ್ನು ಓರೆಯಾಗಿ ತೂರಿ ಒಳಹೋಗುತ್ತವೆ. ಕೋಶ ತುಂಬಿದಾಗ ಆ ತೂತು ತಾನೇ ಅದುಮಿಕೊಂಡು, ಮೂತ್ರ ಹಿಂದಕ್ಕೆ ಏರದಂತೆ ತಡೆಯುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ಬಾಗಿಲು ಸಡಿಲವಿರುತ್ತದೆ. ಮಗುವಿಗೆ ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದರೆ ಬರೇ ಆ್ಯಂಟಿಬಯೋಟಿಕ್ ಕೊಟ್ಟು ಸುಮ್ಮನಾಗದೆ ಸ್ಕ್ಯಾನಿಂಗ್ ಮಾಡಿಸಬೇಕೆನ್ನುವುದು ಈ ಕಾರಣಕ್ಕೆ.

ಮೂತ್ರಕೋಶ 150ರಿಂದ 200 ಮಿಲಿಲೀಟರ್ ತುಂಬಿದಾಗ ಮೊದಲ ಸೂಚನೆ ಕೊಡುತ್ತದೆ, 400ರಿಂದ 500ಕ್ಕೆ ಬಂದಾಗ ಅವಸರಪಡಿಸುತ್ತದೆ. ಕೆಳಗೆ ಎರಡು ಬಿಗಿಬಳೆಗಳಿವೆ. ಒಳಗಿನದ್ದು ನಮ್ಮ ಮಾತು ಕೇಳುವುದಿಲ್ಲ, ಹೊರಗಿನದ್ದು ಕೇಳುತ್ತದೆ. ಈ ಹೊರಗಿನದ್ದರ ಮೇಲೆ ಹಿಡಿತ ಬರಲು ಮಕ್ಕಳಿಗೆ ಎರಡು ಮೂರು ವರ್ಷ ಬೇಕು, ರಾತ್ರಿಯ ಹಿಡಿತ ಬರಲು ಇನ್ನೂ ಹೆಚ್ಚು. ಐದು ವರ್ಷದೊಳಗಿನ ಮಗು ಹಾಸಿಗೆ ಒದ್ದೆ ಮಾಡಿದರೆ ಅದನ್ನು ಗದರಿಸುವುದರಲ್ಲಿ ಅರ್ಥವಿಲ್ಲ.

ಹೆಂಗಸರಲ್ಲಿ ಮೂತ್ರಕೋಶದಿಂದ ಹೊರಕ್ಕೆ ಬರುವ ನಾಳ ನಾಲ್ಕು ಸೆಂಟಿಮೀಟರ್ ಮಾತ್ರ. ಮಲದಲ್ಲಿ ಸಹಜವಾಗಿ ಇರುವ ರೋಗಾಣುಗಳು ಇಷ್ಟು ಗಿಡ್ಡ ದಾರಿಯಲ್ಲಿ ಸುಲಭವಾಗಿ ಮೇಲೇರುತ್ತವೆ. ಉರಿ ಮೂತ್ರದ ತೊಂದರೆ ಹೆಂಗಸರಿಗೇ ಹೆಚ್ಚು ಏಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ. ಶುಚಿ ಮಾಡುವಾಗ ನೀರೂ ಕೈಯೂ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಹಿಂದಿನಿಂದ ಮುಂದಕ್ಕೆ ಅಲ್ಲ. ಹೆಣ್ಣುಮಕ್ಕಳಿಗೆ ಇಸ್ತಿಂಜಾ ಕಲಿಸುವ ವಯಸ್ಸಿನಲ್ಲೇ ಇದನ್ನೂ ಕಲಿಸಿಬಿಟ್ಟರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಸೋಪು, ಡೆಟ್ಟಾಲ್ ಹಾಕಿ ತೊಳೆಯುವ ಅಗತ್ಯವಿಲ್ಲ. ಅವು ಅಲ್ಲಿರುವ ಉಪಕಾರಿ ಸೂಕ್ಷ್ಮಾಣುಗಳನ್ನು ಕೊಂದು, ತೊಂದರೆ ಕೊಡುವವಕ್ಕೆ ಜಾಗ ಮಾಡಿಕೊಡುತ್ತವೆ.

ಇದಕ್ಕಿಂತ ದೊಡ್ಡ ತೊಂದರೆ ತಡೆದುಕೊಳ್ಳುವುದು. ಬಸ್ ಪ್ರಯಾಣವಿದೆ ಎಂದು ಬೆಳಿಗ್ಗೆಯಿಂದಲೇ ನೀರು ಬಿಡುವ ಹೆಂಗಸರು ಎಷ್ಟಿಲ್ಲ? ಮದುವೆ ಹಾಲ್‌ನಲ್ಲಿ ಮಧ್ಯಾಹ್ನದವರೆಗೆ ತಡೆದು ಕೂರುವವರು? ಶೌಚಾಲಯ ಗಲೀಜೆಂದು ಶಾಲೆಗೆ ತೆಗೆದುಕೊಂಡು ಹೋದ ನೀರಿನ ಬಾಟಲಿಯನ್ನು ಹಾಗೆಯೇ ವಾಪಸ್ ತರುವ ಹುಡುಗಿಯರು? ಮೂತ್ರ ಹರಿಯುವಾಗ ರೋಗಾಣುಗಳನ್ನೂ ತೊಳೆದುಕೊಂಡು ಹೋಗುತ್ತದೆ. ಗಂಟೆಗಟ್ಟಲೆ ನಿಂತಲ್ಲಿ ಅವು ಬೆಳೆಯುತ್ತವೆ. ಮಗಳು ನೀರು ಕುಡಿಯುತ್ತಿಲ್ಲ ಎಂದು ಮಗಳನ್ನು ಬೈಯುವ ಬದಲು ಪೋಷಕರು ಒಟ್ಟಾಗಿ ಶಾಲೆಯ ಶೌಚಾಲಯವನ್ನು ಒಮ್ಮೆ ಹೋಗಿ ನೋಡಿದರೆ ಹೆಚ್ಚು ಪ್ರಯೋಜನವಾದೀತು. ಉರಿಯ ಜೊತೆ ಚಳಿ ಜ್ವರ, ಪಕ್ಕೆ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿದೆ ಎಂದು ತಿಳಿದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರಂತೂ ಉರಿ ಇಲ್ಲದಿದ್ದರೂ ಮೂತ್ರ ಪರೀಕ್ಷೆ ತಪ್ಪಿಸಬಾರದು.

ಗಂಡಸರ ನಾಳ ಸುಮಾರು 20 ಸೆಂಟಿಮೀಟರ್ ಉದ್ದ, ನಡುವೆ ಬಾಗಿದೆ. ಮೂತ್ರ ಮುಗಿದ ಮೇಲೂ ಆ ಬಾಗಿನಲ್ಲಿ ಕೆಲವು ಹನಿ ನಿಂತು, ಎದ್ದು ನಡೆದಾಗ ಇಳಿಯುತ್ತವೆ. ವುಝೂ ಮಾಡಿದ ಮೇಲೆ ಹನಿ ಇಳಿಯಿತೆಂದು ಸಂಕಟಪಡುವವರು ಬಹಳ ಮಂದಿ. ಅವಸರಪಡದೆ ಕುಳಿತು, ವೃಷಣದ ಹಿಂದಿನ ಭಾಗದಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಉಳಿದದ್ದು ಹೊರಬರುತ್ತದೆ. ಇದು ರೋಗವಲ್ಲ, ನಾಳದ ರಚನೆ. ಅರ್ಧ ಗಂಟೆ ಶೌಚಾಲಯದಲ್ಲೇ ಕಳೆಯುವಷ್ಟು ಸಂಶಯ ಬೆಳೆದರೆ ಅದು ಮೂತ್ರದ ಸಮಸ್ಯೆಯಲ್ಲ, ವಸ್‌ವಾಸ್. ಐವತ್ತು ದಾಟಿದವರಲ್ಲಿ ಧಾರೆ ತೆಳುವಾಗುವುದು, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುವುದು ಪ್ರೊಸ್ಟೇಟ್ ಗ್ರಂಥಿ ದಪ್ಪವಾದುದರ ಲಕ್ಷಣವಾಗಿರಬಹುದು. ಇದನ್ನು ನಾಚಿಕೆಯಿಂದ ಮುಚ್ಚಿಟ್ಟು, ಕೊನೆಗೆ ಮೂತ್ರ ಕಟ್ಟಿ, ಕಿಡ್ನಿಗೆ ಹಿಮ್ಮೊತ್ತಡ ಬಿದ್ದು ಆಸ್ಪತ್ರೆ ಸೇರುವ ಹಿರಿಯರಿದ್ದಾರೆ.

ಚೀಟಿಯಲ್ಲಿ 'ನಾರ್ಮಲ್', ಒಳಗೆ ಅಲ್ಲ

ಕಿಡ್ನಿ ಹಾಳಾಗಲು ಮೊದಲ ಕಾರಣ ಸಕ್ಕರೆ ಕಾಯಿಲೆ, ಎರಡನೆಯದು ರಕ್ತದೊತ್ತಡ. ಎರಡೂ ಹೊಡೆಯುವುದು ಆ ಸೋಸುವ ಉಂಡೆಗೇ. ವರ್ಷಗಟ್ಟಲೆ ಸಕ್ಕರೆ ಏರಿದ ರಕ್ತ, ಒತ್ತಡ ಏರಿದ ರಕ್ತ ಹರಿದು ಹರಿದು ಜರಡಿಯ ಕಣ್ಣುಗಳು ಸಡಿಲವಾಗುತ್ತವೆ. ಆಗ ಒಳಗೆ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಸ್ವಲ್ಪ ಸ್ವಲ್ಪವಾಗಿ ಮೂತ್ರಕ್ಕೆ ಸೋರತೊಡಗುತ್ತದೆ. ಕಿಡ್ನಿ ಕೆಡತೊಡಗಿದೆ ಎಂಬುದಕ್ಕೆ ಸಿಗುವ ಮೊದಲ ಸುಳಿವು ಇದು. ಕಣ್ಣಿಗೆ ಕಾಣುವುದಿಲ್ಲ. ಮೂತ್ರದಲ್ಲಿ ನೊರೆ ನಿಲ್ಲುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆ ಪಾದದ ಊತ, ಹಸಿವಿಲ್ಲದಿರುವುದು, ಮೈ ತುರಿಕೆ ಇವೆಲ್ಲ ಬಹಳ ತಡವಾಗಿ ಬರುವಂಥವು.

ಹೆಚ್ಚಿನವರು ಮಾಡಿಸುವುದು ಕ್ರಿಯೇಟಿನಿನ್ ಪರೀಕ್ಷೆ ಮಾತ್ರ. ಅದನ್ನು ಓದುವುದರಲ್ಲಿ ಒಂದು ಮೋಸವಿದೆ. ಕ್ರಿಯೇಟಿನಿನ್ ಸ್ನಾಯುಗಳಿಂದ ಬರುವುದರಿಂದ, ಗಟ್ಟಿಮುಟ್ಟಾದ ಯುವಕನಿಗೂ ಸಪೂರ ಅಜ್ಜಿಗೂ ಒಂದೇ ಅಳತೆ ನಡೆಯುವುದಿಲ್ಲ. 25 ವರ್ಷದ ಯುವಕನಿಗೆ ಕ್ರಿಯೇಟಿನಿನ್ 1.2 ಬಂದರೆ ಅವನ ಕಿಡ್ನಿ ನಿಮಿಷಕ್ಕೆ ಸೋಸುವುದು ಸುಮಾರು 85 ಮಿಲಿಲೀಟರ್. 70 ವರ್ಷದ ಮಹಿಳೆಗೆ ಅದೇ 1.2 ಬಂದರೆ ಅವರ ಕಿಡ್ನಿ ಸೋಸುವುದು 50ಕ್ಕಿಂತ ಕಡಿಮೆ. ಲ್ಯಾಬಿನ ಚೀಟಿಯಲ್ಲಿ ಇಬ್ಬರಿಗೂ ನಾರ್ಮಲ್ ಎಂದೇ ಇರಬಹುದು. ಈ ಸೋಸುವ ವೇಗವನ್ನು ಇ-ಜಿ.ಎಫ್.ಆರ್. ಎನ್ನುತ್ತಾರೆ. 90ಕ್ಕಿಂತ ಮೇಲಿದ್ದರೆ ಒಳ್ಳೆಯದು. ಮೂರು ತಿಂಗಳು ಸತತವಾಗಿ 60ಕ್ಕಿಂತ ಕೆಳಗಿದ್ದರೆ ಕಿಡ್ನಿ ರೋಗ. 15ಕ್ಕಿಂತ ಕೆಳಗಿಳಿದರೆ ಡಯಾಲಿಸಿಸ್‌ನ ಮಾತು ಬರುತ್ತದೆ. ನಮ್ಮಲ್ಲಿ ನೆಫ್ರಾನ್‌ಗಳು ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಇರುವುದರಿಂದ ಅರ್ಧದಷ್ಟು ಹೋಗುವವರೆಗೂ ಏನೂ ತಿಳಿಯುವುದಿಲ್ಲ. ಹೋದ ನೆಫ್ರಾನ್ ಪುನಃ ಹುಟ್ಟುವುದೂ ಇಲ್ಲ.

ಆದ್ದರಿಂದ ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ: ರಕ್ತದ ಕ್ರಿಯೇಟಿನಿನ್ ಜೊತೆ ಇ-ಜಿ.ಎಫ್.ಆರ್., ಮತ್ತು ಮೂತ್ರದಲ್ಲಿ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತ. ಎರಡನೆಯದು 30 ದಾಟಿದ್ದರೆ ಸೋರಿಕೆ ಶುರುವಾಗಿದೆ ಎಂದರ್ಥ. ಈ ಹಂತದಲ್ಲಿ ಹಿಡಿದರೆ ರೋಗವನ್ನು ಹಲವು ವರ್ಷ ನಿಧಾನಿಸುವ ಮಾತ್ರೆಗಳು ಇಂದು ಇವೆ. ಅವುಗಳಲ್ಲಿ ಕೆಲವು ಬಿ.ಪಿ.ಗೆಂದು ಕೊಡುವ ಮಾತ್ರೆಗಳೇ. "ಬಿ.ಪಿ. ಮಾತ್ರೆ ತಿಂದು ತಿಂದು ಕಿಡ್ನಿ ಹೋಯಿತು" ಎಂಬ ಮಾತನ್ನು ಎಲ್ಲ ಊರಲ್ಲೂ ಕೇಳುತ್ತೇವೆ. ನಡೆಯುವುದು ಇದರ ತಿರುವು ಮುರುವು. ಹೆಚ್ಚಿನವರಲ್ಲಿ ಕಿಡ್ನಿ ಹೋಗುವುದು ಮಾತ್ರೆ ಬಿಟ್ಟಿದ್ದರಿಂದ.

ಹೆದರಬೇಕಾದ ಮಾತ್ರೆ ಬೇರೆ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು. ಕಿಡ್ನಿಗೆ ಬರುವ ರಕ್ತ ಕಡಿಮೆಯಾದಾಗ ಸೋಸುವ ಉಂಡೆಯ ಬಾಗಿಲನ್ನು ಅಗಲವಾಗಿ ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ನೋವು ಹುಟ್ಟಿಸುವುದರಲ್ಲೂ ಅದರ ಪಾತ್ರವಿದೆ. ನೋವಿನ ಮಾತ್ರೆ ಅದನ್ನು ತಡೆದಾಗ ಮಂಡಿ ನೋವೂ ತಗ್ಗುತ್ತದೆ, ಕಿಡ್ನಿಯ ಬಾಗಿಲೂ ಅರ್ಧ ಮುಚ್ಚುತ್ತದೆ. ಆರೋಗ್ಯವಂತ ಯುವಕ ಎರಡು ದಿನ ತಿಂದರೆ ಸಾಮಾನ್ಯವಾಗಿ ಏನೂ ಆಗದು. ವಾಂತಿ ಭೇದಿಯಿಂದ ಬಳಲಿದವರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ತಿಂಗಳುಗಟ್ಟಲೆ ಮೆಡಿಕಲ್‌ನಿಂದ ತಾವೇ ತಂದು ತಿನ್ನುವವರು ಇವರಿಗೆ ಅಪಾಯ. ಮಳೆಗಾಲದಲ್ಲಿ ಕರಾವಳಿಯಲ್ಲಿ ಕಾಣಿಸಿಕೊಳ್ಳುವ ಇಲಿಜ್ವರ ತಾನೇ ಕಿಡ್ನಿಗೆ ಹೊಡೆಯುವ ಜ್ವರ. ಅದರ ಮೈಕೈ ನೋವಿಗೆಂದು ಈ ಮಾತ್ರೆ ನುಂಗಿದರೆ ಪೆಟ್ಟಿನ ಮೇಲೆ ಪೆಟ್ಟು. ಜ್ವರಕ್ಕೆ ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು.

ಗಿಡಮೂಲಿಕೆ, ಹಣ್ಣು ಎಂದಾಕ್ಷಣ ಎಲ್ಲವೂ ನಿರಪಾಯವಲ್ಲ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಬಿಂಬುಳಿಯನ್ನು ಮೀನಿನ ಸಾರಿಗೆ ಹಾಕಿ ಉಣ್ಣುವುದರಲ್ಲಿ ಭಯವಿಲ್ಲ. ಆದರೆ ಕೊಲೆಸ್ಟ್ರಾಲ್ ಇಳಿಯುತ್ತದೆಂದು ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿದು ಕಿಡ್ನಿ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಹರಳಾಗಿ ಕೊಳವೆಗಳನ್ನು ಮುಚ್ಚುತ್ತದೆ. ಅದೇ ಜಾತಿಯ ಧಾರೆಹುಳಿಯನ್ನು ಕಿಡ್ನಿ ರೋಗವಿರುವವರು ಮುಟ್ಟಲೇಬಾರದು. ಅದರ ವಿಷ ಅವರ ದೇಹದಿಂದ ಹೊರಹೋಗದೆ ಮೆದುಳಿಗೆ ಏರಿ, ಬಿಡದ ಬಿಕ್ಕಳಿಕೆಯಿಂದ ಹಿಡಿದು ಅಪಸ್ಮಾರದವರೆಗೆ ತರುತ್ತದೆ.

ಕಲ್ಲು

ಗಲ್ಫ್‌ನಲ್ಲಿ ಬಿಸಿಲಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇದರ ಪರಿಚಯ ಚೆನ್ನಾಗಿದೆ. ಬೆವರಿನಲ್ಲಿ ನೀರು ಹೋಗಿ ಮೂತ್ರ ಗಾಢವಾದಾಗ ಅದರಲ್ಲಿ ಕರಗಿರಬೇಕಾದ ಲವಣ ಹರಳುಗಟ್ಟುತ್ತದೆ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಹಾಗೆಂದು ಹಾಲು ಮೊಸರು ಬಿಡುವುದು ತಪ್ಪು. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು, ಅತಿಯಾದ ಮಾಂಸ. ಕಲ್ಲು ಒಮ್ಮೆ ಬಂದವರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರು ಕುಡಿಯಬೇಕು. ಐದು ಮಿಲಿಮೀಟರಿಗಿಂತ ಸಣ್ಣದಾದರೆ ಹೆಚ್ಚಾಗಿ ತಾನೇ ಇಳಿಯುತ್ತದೆ. ಬಾಳೆದಿಂಡಿನ ರಸ ಕುಡಿಯುವವರು ಕುಡಿಯಲಿ, ಆದರೆ ಕಲ್ಲಿನ ನೋವಿನ ಜೊತೆ ಜ್ವರ ಬಂದರೆ ಅಥವಾ ಮೂತ್ರ ನಿಂತರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಕಲ್ಲಿನ ಕಾಟ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆಯೇ ಅರ್ರಾಝಿ ಕಿಡ್ನಿ ಮತ್ತು ಮೂತ್ರಕೋಶದ ಕಲ್ಲುಗಳ ಬಗ್ಗೆಯೇ ಒಂದು ಗ್ರಂಥ ಬರೆದಿದ್ದರು. ಅಂದಲೂಸಿನ ಅಝ್ಝಹ್ರಾವಿ ಕಲ್ಲು ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದ್ದರು.

ನೋವಿಲ್ಲದೆ ಮೂತ್ರ ಕೆಂಪಾಗಿ ಹೋದರೆ ಅದನ್ನು ಉಷ್ಣ ಎಂದು ತಳ್ಳಿಹಾಕಬೇಡಿ. ಹಿರಿಯರಲ್ಲಿ ಅದು ಗಡ್ಡೆಯ ಲಕ್ಷಣವೂ ಆಗಿರಬಹುದು. ಬೀಟ್‌ರೂಟ್ ತಿಂದ ಮರುದಿನವೂ ಕೆಂಪಾಗುತ್ತದೆ, ಕ್ಷಯರೋಗದ ಮಾತ್ರೆಯಿಂದ ಕಿತ್ತಳೆ ಬಣ್ಣವಾಗುತ್ತದೆ. ಅವಕ್ಕೆ ಗಾಬರಿ ಬೇಡ.

ಉಪವಾಸ ಮತ್ತು ಕಿಡ್ನಿ

ಆರೋಗ್ಯವಂತರ ಕಿಡ್ನಿಗೆ ಹದಿಮೂರು ಹದಿನಾಲ್ಕು ಗಂಟೆಯ ಉಪವಾಸ ಭಾರವೇ ಅಲ್ಲ. ಮೇಲೆ ಹೇಳಿದ ಎ.ಡಿ.ಎಚ್. ಕೆಲಸಕ್ಕಿಳಿಯುತ್ತದೆ, ಮೂತ್ರ ಗಾಢವಾಗುತ್ತದೆ, ಇಫ್ತಾರ್ ಆದ ಮೇಲೆ ಎಲ್ಲ ಮೊದಲಿನಂತೆ. ನೀರನ್ನು ಸಹ್ರಿಯ ಕೊನೆಯ ಹತ್ತು ನಿಮಿಷದಲ್ಲಿ ಒಟ್ಟಿಗೆ ಸುರಿದುಕೊಂಡರೆ ಕಿಡ್ನಿ ಅದನ್ನು ಹೆಚ್ಚುವರಿ ಎಂದು ಬೇಗನೆ ಹೊರಹಾಕುತ್ತದೆ. ಇಫ್ತಾರ್‌ನಿಂದ ತರಾವೀಹ್‌ನ ಮೊದಲೂ ನಂತರವೂ ಸ್ವಲ್ಪ ಸ್ವಲ್ಪ ಕುಡಿಯುವುದು ಲೇಸು.

ಇ-ಜಿ.ಎಫ್.ಆರ್. 60ಕ್ಕಿಂತ ಕಡಿಮೆ ಇರುವವರ ಮಾತು ಬೇರೆ. ಅವರ ಕಿಡ್ನಿ ಮೂತ್ರವನ್ನು ಗಾಢ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾ ಬಂದಿರುತ್ತದೆ. ಬಾಯಿಗೆ ನೀರು ಬೀಳದಿದ್ದರೂ ಮೂತ್ರ ತಿಳಿಯಾಗಿಯೇ ಹೋಗುತ್ತಿರುತ್ತದೆ, ದೇಹ ಒಣಗುತ್ತದೆ, ಉಳಿದ ನೆಫ್ರಾನ್‌ಗಳಿಗೂ ರಕ್ತ ಸಾಲದಾಗುತ್ತದೆ. ಇಂಥವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ನೀರಿಳಿಸುವ ಮಾತ್ರೆ ತಿನ್ನುವವರು, ಕಲ್ಲು ಪದೇ ಪದೇ ಬರುವವರು ರಮಝಾನ್‌ಗೆ ಒಂದೆರಡು ತಿಂಗಳ ಮುಂಚೆಯೇ ವೈದ್ಯರಿಗೆ ರಿಪೋರ್ಟ್ ತೋರಿಸಿ ಕೇಳಬೇಕು. ಡಯಾಲಿಸಿಸ್‌ನಲ್ಲಿರುವವರಂತೂ ತಾವಾಗಿ ತೀರ್ಮಾನಿಸಲೇಬಾರದು. ರೋಗಿಗೆ ಕುರ್‌ಆನ್ ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿದೆ (ಅಲ್ ಬಕರ 184, 185). ಮನೆಯವರು ಹೇಳಿದರೂ ಕೇಳದೆ, ಮಾತ್ರೆಯನ್ನೂ ಬಿಟ್ಟು ಉಪವಾಸ ಹಿಡಿಯುವ ಹಿರಿಯರಿಗೆ ಇದನ್ನು ಮಸೀದಿಯ ಉಸ್ತಾದರ ಬಾಯಿಂದ ಹೇಳಿಸಿದರೆ ಬೇಗ ನಾಟುತ್ತದೆ.

ಕಿಡ್ನಿ ರೋಗಿಗಳಿಗೆ ಇಫ್ತಾರ್ ತಟ್ಟೆಯಲ್ಲೂ ಒಂದು ಅಪಾಯವಿದೆ. ಖರ್ಜೂರ, ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಎಲ್ಲದರಲ್ಲೂ ಪೊಟ್ಯಾಸಿಯಂ ಹೇರಳ. ಕೆಟ್ಟ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ರಕ್ತದಲ್ಲಿ ಏರಿದ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಒಂದು ಖರ್ಜೂರದಿಂದ ಉಪವಾಸ ಬಿಡುವುದಕ್ಕೂ, ಆರೇಳು ತಿಂದು ಮೇಲೆ ಎರಡು ಎಳನೀರು ಕುಡಿಯುವುದಕ್ಕೂ ವ್ಯತ್ಯಾಸವಿದೆ. ಸಂಬಂಧಿಕರು ರೋಗಿಯನ್ನು ನೋಡಲು ಬರುವಾಗ ಎಳನೀರು ಹಿಡಿದು ತರುವ ನಮ್ಮ ರೂಢಿಯೂ ಈ ಒಂದು ರೋಗದಲ್ಲಿ ಬೇಡ. ಕಾಲು ಊದಿಕೊಂಡವರಿಗೆ "ನೀರು ಹೆಚ್ಚು ಕುಡಿ, ಕಿಡ್ನಿ ತೊಳೆಯುತ್ತದೆ" ಎಂಬ ಸಲಹೆಯೂ ಬೇಡ. ಅವರಿಗೆ ನೀರಿನ ಅಳತೆಯನ್ನು ವೈದ್ಯರೇ ಹೇಳಬೇಕು.

ಯಂತ್ರ, ಕಸಿ

1943ರಲ್ಲಿ, ಜರ್ಮನಿಯ ವಶದಲ್ಲಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ಸಾಸೇಜ್ ತುಂಬಲು ಬಳಸುವ ಸೆಲೋಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಅದರಲ್ಲಿ ರೋಗಿಯ ರಕ್ತ ಹರಿಸಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಇಂದಿನ ಡಯಾಲಿಸಿಸ್ ಯಂತ್ರದ ಮೂಲ ಅದು. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ನಾಲ್ಕು ಗಂಟೆ. ವಾರದ 168 ಗಂಟೆಗಳಲ್ಲಿ ಕಿಡ್ನಿ ಮಾಡುತ್ತಿದ್ದ ಕೆಲಸವನ್ನು ಯಂತ್ರ 12 ಗಂಟೆಗಳಲ್ಲಿ ಮಾಡಬೇಕು. ಸೋಸುವುದನ್ನು ಅದು ತಕ್ಕಮಟ್ಟಿಗೆ ಮಾಡುತ್ತದೆ, ಹಾರ್ಮೋನ್ ತಯಾರಿಸುವುದಿಲ್ಲ. ಊಟ ನೀರಿನ ಪಥ್ಯ ತಪ್ಪುವುದಿಲ್ಲ. 2016ರಿಂದ ಕೇಂದ್ರದ ಡಯಾಲಿಸಿಸ್ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದು ಉಚಿತವಾಗಿ ಸಿಗುತ್ತದೆ. ಪಡಿತರ ಚೀಟಿಯೊಂದಿಗೆ ಹೋಗಿ ವಿಚಾರಿಸದೆ, ಮೊದಲೇ ಚಿನ್ನ ಅಡವಿಡುವ ಕುಟುಂಬಗಳು ಇನ್ನೂ ಇವೆ.

ಕಸಿ ಇದಕ್ಕಿಂತ ಉತ್ತಮ. 1954ರ ಡಿಸೆಂಬರ್‌ನಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಮೊದಲ ಯಶಸ್ವಿ ಕಸಿ ನಡೆಯಿತು. ನಮ್ಮ ದೇಶದಲ್ಲಿ ಜೀವಂತ ದಾನಿಯ ಕಿಡ್ನಿಯನ್ನು ಯಶಸ್ವಿಯಾಗಿ ಕಸಿ ಮಾಡಿದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. 1994ರ ಕಾನೂನಿನಂತೆ ಕಿಡ್ನಿ ಮಾರುವುದು ಕೊಳ್ಳುವುದು ಅಪರಾಧ. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ದಾನ ಮಾಡಬಹುದು, ಬೇರೆಯವರಾದರೆ ಸಮಿತಿಯ ಒಪ್ಪಿಗೆ ಬೇಕು. ಕಿಡ್ನಿ ಕೊಡುವವರಲ್ಲಿ ಹೆಂಡತಿ, ತಾಯಿಯರೇ ಹೆಚ್ಚು ಕಾಣಸಿಗುತ್ತಾರೆ. ಕೊಟ್ಟ ಮೇಲೆ ಅವರಲ್ಲಿ ಉಳಿದ ಒಂದು ಕಿಡ್ನಿ ಸುಮ್ಮನಿರುವುದಿಲ್ಲ. ಹೊಸ ನೆಫ್ರಾನ್ ಒಂದೂ ಹುಟ್ಟದಿದ್ದರೂ ಇದ್ದವೇ ಹಿಗ್ಗಿ, ಕಿಡ್ನಿ ಗಾತ್ರದಲ್ಲಿ ದೊಡ್ಡದಾಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಮೂರನೇ ಎರಡು ಪಾಲನ್ನು ಅದೊಂದೇ ಮಾಡತೊಡಗುತ್ತದೆ. ಅವರ ಬಿ.ಪಿ.ಯನ್ನೂ ಮೂತ್ರವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಕಿಡ್ನಿ ಪಡೆದವರನ್ನು ಚೆಕಪ್‌ಗೆ ಕರೆದುಕೊಂಡು ಹೋಗುವ ದಿನ ಕೊಟ್ಟವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಒಂದೇ ಪ್ರಯಾಣದಲ್ಲಿ ಎರಡೂ ಮುಗಿಯುತ್ತದೆ.